ವಾಚ್ ರಿಪೇರಿಯವರ ಹಳೇ ಬೈಕು

ನನ್ನ ಗಂಡ ವಾಚ್ ರಿಪೇರಿ ಮಾಡುತ್ತಾರೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂಗಳ ಜೊತೆ ದಿನವಿಡೀ ಸಂಸಾರ ಮಾಡುವ ಈ ಮನುಷ್ಯ ಒಂದು ಸಂಜೆ ತನಗಿಂತ ವಯಸ್ಸಾದ ಪುಟ್ಟ ಬೈಕೊಂದನ್ನು ಕೊಂಡು ತಂದರು. ಓಡಿಸಿಕೊಂಡಲ್ಲ, ತಳ್ಳಿಕೊಂಡು.

"ಇದ್ರಲ್ಲಿ ದೂರ ದೂರ ಹೋಗೋಣ," ಅಂದರು.

"ಮೊದ್ಲು ಗೇಟು ದಾಟಿಸಿ, ನೋಡೋಣ," ಅಂದೆ.

ನಾನು ಟೈಲರ್. ಅಳತೆ ನೋಡದೆ ಏನನ್ನೂ ಒಪ್ಪುವವಳಲ್ಲ. ಹಾಗಾಗಿ ಷರತ್ತು ಹಾಕಿದೆ: ಬೆಟ್ಟದಾಚೆಯ ನಮ್ಮಕ್ಕನ ಮನೆಗೆ ಇಬ್ಬರೂ ಇದರಲ್ಲೇ ಹೋಗುವುದು, ದಾರಿಯಲ್ಲಿ ಕೆಟ್ಟು ನಿಂತರೆ ಮಾರಿಬಿಡುವುದು. ಗೆಲ್ಲುವವಳು ನಾನೇ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅವರು ಎಂಜಿನ್ ಬಿಚ್ಚಿ, ಅಡುಗೆಮನೆಯ ತಟ್ಟೆಗಳಲ್ಲೆಲ್ಲ ಹರಡಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರು. ನನ್ನ ಗುಂಡಿಗಳ ಡಬ್ಬಿಯಲ್ಲೂ ನಟ್ಟುಗಳು ಬಂದು ಸಂಸಾರ ಹೂಡಿದವು. ನಾನು ಮೂಗು ಮುರಿದೆ.

ಹೊರಟ ದಿನ ಗಾಡಿ ಚೆನ್ನಾಗಿಯೇ ಓಡಿತು. ಸೈಕಲ್ಲಿನವರೂ ನಮ್ಮನ್ನು ಹಿಂದೆ ಹಾಕಿದರು ಅನ್ನುವುದು ಬೇರೆ ಮಾತು. ಆದರೆ ಮೇಜಿನ ಅಂಚಿನಾಚೆ ಎಂದೂ ನೋಡದ ಈ ಮನುಷ್ಯ "ಅಗೋ ಹದ್ದು, ಅಗೋ ಕೆರೆ" ಎಂದು ದಾರಿಯುದ್ದಕ್ಕೂ ತೋರಿಸುತ್ತಿದ್ದರು. ಕೇಳುತ್ತಾ ಕೇಳುತ್ತಾ ನನಗೂ ಖುಷಿಯಾಯಿತು. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ.

ಬೆಟ್ಟದ ಏರಿನಲ್ಲಿ ಎಂಜಿನ್ ಕೀರ್ ಎಂದು ಬಿಗಿದುಕೊಂಡು ನಿಂತೇಹೋಯಿತು. ಹತ್ತಿರ ಹೋದರೆ ಒಲೆಯ ಕಾವು. ಅವರು ತಲೆ ಮೇಲೆ ಕೈ ಹೊತ್ತು ಕೂತರು.

"ಪೆಟ್ರೋಲಿಗೆ ಆಯಿಲ್ ಬೆರೆಸ್ಬೇಕು ಅಂತ ಮಾರಿದವ್ರು ಹೇಳಿದ್ರಲ್ಲ, ಎಷ್ಟು ಹಾಕಿದ್ರಿ?"

"ಧಾರಾಳವಾಗೇ ಹಾಕಿದೀನಿ. ಒಂದು ಚಮಚ."

"ಇಡೀ ಟ್ಯಾಂಕಿಗೆ?"

"ಎಣ್ಣೆ ಜಾಸ್ತಿ ಆದ್ರೆ ಧೂಳು ಹಿಡಿಯುತ್ತೆ, ಮುಳ್ಳು ನಿಧಾನ ಆಗುತ್ತೆ..." ಎಂದವರು ಅಲ್ಲೇ ನಾಲಗೆ ಕಚ್ಚಿಕೊಂಡರು.

ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಎಂಜಿನ್ ತಣ್ಣಗಾದ ಮೇಲೆ, ಚೀಲದಲ್ಲಿದ್ದ ಆಯಿಲ್ಲನ್ನು ಡಬ್ಬಿಯ ಮೇಲಿನ ಅಳತೆ ನೋಡಿ ನಾನೇ ಸುರಿದೆ. ಬೈಕು ಕೆಮ್ಮಿ, ದಟ್ಟ ಹೊಗೆ ಉಗುಳಿ, ಮತ್ತೆ ಹೊರಟಿತು. ಅವರ ಮುಖ ಮಾತ್ರ ಅರಳಲಿಲ್ಲ.

"ಮಾತು ಅಂದ್ರೆ ಮಾತು. ನಿಂತಿದ್ದು ನಿಂತಿದ್ದೇ," ಅಂದರು.

ಅಕ್ಕನ ಮನೆ ಮುಂದೆ ಸ್ಟ್ಯಾಂಡ್ ಹಾಕಿ ಇಳಿದವರೇ ಭಾವನಿಗೆ ಎಲ್ಲ ವರದಿ ಒಪ್ಪಿಸಿದರು. ದಾರೀಲಿ ಕೆಟ್ಟಿತು, ಇನ್ನು ಮಾರೋದೇ. ಸುಳ್ಳು ಹೇಳಲು ಬಾರದ ಗಂಡನನ್ನು ಕಟ್ಟಿಕೊಂಡರೆ ಇದೇ ಗತಿ. ಭಾವನ ಕಣ್ಣು ಆಗಲೇ ಬೈಕಿನ ಮೇಲೆ ಬಿದ್ದಿತ್ತು.

"ಬೇರೆಯವ್ರಿಗೆ ಯಾಕೆ, ನಂಗೇ ಕೊಡಿ," ಅಂದರು ಭಾವ.

ನನ್ನವರು ಕೀ ಚಾಚಿದರು. ಚಾಚಿದರೇ ಹೊರತು ಬೆರಳು ಸಡಿಲಿಸಲಿಲ್ಲ. ಆ ಮುಖ ನೋಡಿದ ಮೇಲೆ ಗೆದ್ದ ಪಂದ್ಯ ಯಾರಿಗೆ ಬೇಕಾಗಿತ್ತು?

ನಾನಿನ್ನೂ ಬೈಕಿನಿಂದ ಇಳಿದಿರಲಿಲ್ಲ.

"ಮುಂದಿನ ಸೀಟು ಇವ್ರದ್ದು ಭಾವ, ಬೇಕಾದ್ರೆ ಮಾರ್ಕೊಳ್ಳಲಿ," ಅಂದೆ. "ಹಿಂದಿನದ್ದು ನಂದು. ನಾನು ಕೊಡಲ್ಲ."