ಹಕ್ಕಲಿಗೆ ಬಂದವಳನ್ನು ಬೈಯಬೇಕು

ಆ ವರ್ಷ ನಮ್ಮ ಮನೆಯವರು ಒಳ್ಳೆಯವರಾಗಲು ಹೊರಟಿದ್ದೇ ತೊಂದರೆಯಾಯಿತು.

ಗಾವಡಗೆರೆ ಕಡೆಯ ನಮ್ಮ ಹೊಲದಲ್ಲಿ ರಾಗಿ ಕೊಯ್ದು ಮೆದೆ ಒಟ್ಟಿದ ಮೇಲೆ, ಉದುರಿದ ತೆನೆಯ ಹಕ್ಕಲು ಆಯಲು ಚಿಕ್ಕಸಿದ್ದಮ್ಮ ಬರುತ್ತಿದ್ದಳು. ಒಂಟಿ ಮುದುಕಿ, ಸೂಲಗಿತ್ತಿ. ನನ್ನ ಮಕ್ಕಳೆಲ್ಲ ಅವಳ ಕೈಯಲ್ಲೇ ಹುಟ್ಟಿದ್ದು. ಅವರ ಅಪ್ಪ, ನಮ್ಮ ಮನೆಯವರಾದ ಸೋಮಯ್ಯನವರು ಹುಟ್ಟಿದ್ದೂ ಅವಳ ಕೈಯಲ್ಲೇ. ಅವಳು ಬದು ಹತ್ತಿದ ಕೂಡಲೇ ಇವರು ಕೂಗುವರು:

"ಏ ಸಿದ್ದತ್ತೆ! ನನ್ ಒಲದಲ್ಲಿ ಏನ್ ನಿಂದು?"

"ನಿನ್ ಒಲವಾ? ನೀನು ಬತ್ಲೆ ಬಿದ್ದು ಅರಚ್ಕೊತಿದ್ದಾಗ ಬಟ್ಟೆ ಸುತ್ತಿದ್ದು ನಾನು ಕಣ್ಲಾ!"

ಹೀಗೆ ಬೈದುಕೊಳ್ಳುತ್ತಲೇ ಮಡಿಲು ತುಂಬಿಕೊಳ್ಳುವಳು. ಹಕ್ಕಲು ತಿರುಪೆಯಲ್ಲ, ಬಗ್ಗಿ ಆಯ್ದವರ ಸೊತ್ತು. ಶಿವರಾತ್ರಿಯವರೆಗೆ ಅವಳ ಹಿಟ್ಟು ಅದರಿಂದಲೇ.

ಆ ಸುಗ್ಗಿಗೆ ಮುಂಚೆ ಹುಣಸೂರಿನ ಚರ್ಚಿನಿಂದ ಉಪದೇಶಿಗಳು ಬಂದು, ಬೋವಜನೆಂಬ ಸಾಹುಕಾರನ ಹೊಲದಲ್ಲಿ ಹಕ್ಕಲಾಯ್ದ ರೂತಳೆಂಬ ಬಡ ವಿಧವೆಯ ಕಥೆಯನ್ನು ಸತ್ಯವೇದದಿಂದ ಓದಿ ಹೇಳಿದರು. ಇವರ ಮನಸ್ಸಿಗೆ ಅದು ನಾಟಿತು. ಯಾವಾಗಲೂ ಕೊಯ್ಲಾದ ಮೇಲೆ ಇನ್ನೊಂದು ಸಲ ಹೊಲವೆಲ್ಲ ಜಾಲಾಡುವವರು, ಈ ಸಲ ಒಂದು ಮೂಲೆಯನ್ನು ಜಾಲಾಡದೆ, ಬಿದ್ದ ತೆನೆ ಹಾಗೇ ಬಿಟ್ಟರು. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಬಾವಿಯ ಹತ್ತಿರ, ನೀರಿಗೆ ಬಂದ ಹೆಂಗಸರೆಲ್ಲರ ಮುಂದೆ, ಕೈ ಮುಗಿದರು.

"ಅತ್ತೆ, ಬಡವರಿಗೆ ಬುಡಬೇಕು ಅಂತ ನಮ್ ಸತ್ಯವೇದದಲ್ಲಿ ಐತೆ. ನಿಮಗೇ ಅಂತ ಬುಟ್ಟಿವ್ನಿ. ಬಂದು ಆಯ್ಕಳಿ."

ಹುಟ್ಟಿದಾಗಿನಿಂದ 'ನೀನು' ಎಂದವರು ಅವತ್ತು 'ನೀವು' ಅಂದರು!

"ಯಾರ್ಲಾ ಬಡವ್ರು? ಮೈಸೂರ್ ಮಾರಾಜ್ರೇ ಕೊಟ್ರೂ ತಿರುಪೆ ಮುಟ್ಟಾಕಿಲ್ಲ ಈ ಸಿದ್ದಿ."

ಕೊಡ ಎತ್ತಿಕೊಂಡು ಹೋದವಳು ಹೊಲಕ್ಕೂ ಬರಲಿಲ್ಲ, ಮನೆಗೂ ಬರಲಿಲ್ಲ. ನಾನೇ ಹೋಗಿ ನೋಡಿದರೆ ಒಲೆಯ ಮೇಲೆ ಬರೀ ಸೊಪ್ಪು ಬೇಯುತ್ತಿತ್ತು.

"ಹಿಟ್ಟಿಲ್ವಾ ಅವ್ವ?"

"ನಿನ್ ಗಂಡನ್ ಧರ್ಮದ ಹಿಟ್ಟು ನಂಗ್ಯಾಕವ್ವ, ಪ್ರೇಮ."

ಎರಡು ದಿನ ಕಳೆದರೆ ಊರ ದನ ಮೇಯಲು ಕೊಯ್ದ ಹೊಲಕ್ಕೆ ನುಗ್ಗುತ್ತವೆ. ಆಮೇಲೆ ತೆನೆಯೆಲ್ಲಿ?

ಮನೆಯಲ್ಲಿ ಇವರು ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದರು. "ಒಳ್ಳೇದ್ ಮಾಡಕ್ಕೋದ್ರೆ ಇಂಗಾಯ್ತಲ್ಲ."

"ಇನ್ನೊಂದ್ ಸಲ ಓದಿ ನೋಡೋಣ. ತೆನೆ ಬುಡಿ ಅಂತ ಬೋವಜ ಯಾರಿಗೆ ಹೇಳಿದ?"

"ಆಳುಗಳಿಗೆ. ಬೇಕಂತ್ಲೇ ಸಿವುಡಿನ ಕಟ್ಟಿಂದ ತೆನೆ ಎಳ್ದು ಬುಡಿ ಅಂದ."

"ರೂತಳಿಗೆ ಹೇಳಿದ್ನಾ?"

ಅವರ ಬೆರಳು ಸಾಲಿನ ಮೇಲೆ ಹೋಯಿತು, ಬಂತು. "ಇಲ್ಲ ಕಣೇ."

"ಮತ್ತೆ ನೀವ್ಯಾಕೆ ಬಾವಿ ಅತ್ರ ತಮಟೆ ಹೊಡುದ್ರಿ? ನಾಳೆ ಹೋಗಿ ಮೊದ್ಲಿನಂಗೇ ಬಯ್ರಿ."

"ಗದರಬ್ಯಾಡಿ ಅಂತಲೂ ಇಲ್ಲೇ ಐತಲ್ಲ?"

"ರೂತಳನ್ನ ಗದರಬ್ಯಾಡಿ ಅಂದ. ಸಿದ್ದವ್ವನ್ನ ಕಂಡಿದ್ರೆ ಬೋವಜನೂ ಗದರ್ತಿದ್ದ ಕಣ್ರೀ!"

ಬೆಳಿಗ್ಗೆ ಅವಳ ಬಾಗಿಲ ಮುಂದೆ ಇವರು ನಿಂತರು. ನಾನು ಹಿಂದೆ. ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡರು.

"ಏ ಸಿದ್ದತ್ತೆ! ಈ ವರ್ಷ ನನ್ ಬದುವಿನ ಮೇಲೆ ಕಾಲಿಟ್ಟೀಯ, ನೋಡು ಮತ್ತೆ!"

ಇವರು ನನ್ನ ಮುಖ ನೋಡಿದರು. ಆಗ ಒಳಗಿನಿಂದ ಬಂತು:

"ಇಟ್ರೆ ಏನ್ಲಾ ಮಾಡೀಯೆ?"

ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಬಿದ್ದವಳು ನಮಗಿಂತ ಮುಂದೆ ಹೊಲ ಮುಟ್ಟಿದಳು. ಆ ಮೂಲೆಯಲ್ಲಿ ಮಡಿಲು ತುಂಬಿತು, ತಂದಿದ್ದ ಕುಕ್ಕೆಯೂ ತುಂಬಿತು. ಇವರು ಬದುವಿನ ಮೇಲೆ ನಿಂತು, ಮರೆತು ಹೋಗದಂತೆ, ನಡುನಡುವೆ ಬೈಯುತ್ತಿದ್ದರು.

"ಎಷ್ಟು ತೆನೆ ಚೆಲ್ಲವ್ನೆ ನೋಡವ್ವ!" ಎಂದು ಅವಳು ನನ್ನತ್ತ ತಿರುಗಿದಳು. ಕಣ್ಣಿನಂಚಿನಲ್ಲಿ ನಗುವಿತ್ತು. "ಕುಡ್ಲು ಇಡಿಯಕ್ಕೂ ಬರಾಕಿಲ್ಲ ನಿನ್ ಗಂಡಂಗೆ. ಬರೋ ವರ್ಷ ನಾನೇ ಕಲಿಸ್ಬೇಕು."

"ಕಲ್ಸು ಅತ್ತೆ," ಎಂದರು ಇವರು ಮೆಲ್ಲಗೆ. ನಾನು ಮೊಣಕೈಯಲ್ಲಿ ತಿವಿದೆ.

"ಬಾ, ಬಾ! ಕಾಲ್ ಮುರೀತೀನಿ!" ಎಂದು ಕೂಗಿದರು.