ಉಪ್ಪಿನ ಬಾನಿಯಲ್ಲಿ ಮಳೆನೀರು

ಹೇಸರಗತ್ತೆಯ ಎಡಗಿವಿಯ ತುದಿಯಲ್ಲಿ ಒಂದು ಹನಿ ನೀರು ಇನ್ನೂ ಹಾಗೇ ನಿಂತಿದೆ, ಗಾಡಿ ಇಷ್ಟು ಕುಲುಕಿದರೂ ಬೀಳುತ್ತಿಲ್ಲ, ಆಗಸ್ಟ್ ತಿಂಗಳಲ್ಲಿ ಈ ನೀರಿಗೆ ಇಲ್ಲೇನು ಕೆಲಸ, ಮೇ ಕಳೆದ ಮೇಲೆ ಒಂದು ತೊಟ್ಟು ಕಾಣದ ನೆಲ ಇದು — ನಡಿ ಫುಮಾಸ, ನಡಿಯೇ ಮುದುಕಿ, ಇವತ್ತೊಂದಿನ ಬೇಗ ನಡಿ. ಲಿಂದಾಲ್ವಾ ಹಗ್ಗ ಜಗ್ಗಿದಳು. ಬೆಳಗಿನ ಜಾವ ತಗಡಿನ ಮೇಲೆ ಮೊದಲ ಹನಿ ಬಿದ್ದಾಗ ಗಂಡ ಓಸ್ಮಾರಿನೊ ಹಾಸಿಗೆಯಲ್ಲೇ ನಕ್ಕಿದ್ದ, ಕೇಳಿಸ್ತೇನೇ, ಮಳೆ, ನಿಮ್ಮಪ್ಪ ಸತ್ತ ವರ್ಷ ಹಿಂಗೇ ಆಗಸ್ಟಲ್ಲಿ ಬಂದಿತ್ತು, ಅವಳೂ ನಕ್ಕಳು, ಎದ್ದು ಕಾಫಿಗೆ ನೀರಿಟ್ಟಳು, ಬೆಂದ ಮರಗೆಣಸಿಗೆ ಉಪ್ಪು ಉದುರಿಸಿದಳು, ಉಪ್ಪು ಉದುರಿಸಿದ ಬೆರಳು ಅಲ್ಲೇ ನಿಂತುಬಿಟ್ಟಿತು. ದಿಂಡು. ದನ ಮೇಯುವ ಕೆಳಗಿನ ಕಾವಲಿನಲ್ಲಿ ನಾಲ್ಕು ಬಾನಿ, ಪ್ಲಾಸ್ಟಿಕ್ ಪೀಪಾಯಿಯನ್ನು ಉದ್ದಕ್ಕೆ ಸೀಳಿ ಗೂಟಕ್ಕೆ ಬಿಗಿದ ಬಾನಿಗಳು, ಮಿಕ್ಕ ಕಾವಲುಗಳಲ್ಲಿ ಬಾನಿಗೆ ಸೂರಿದೆ, ಇವಕ್ಕಿಲ್ಲ, ಅದಕ್ಕೇ ಮಳೆ ಬಂದರೆ ನೀರು ಇಳಿದುಹೋಗಲಿ ಎಂದು ತಳದಲ್ಲಿ ಒಂದೊಂದು ತೂತು, ಆ ನಾಲ್ಕು ತೂತಿಗೂ ಅವಳೇ ಕೈಯಾರೆ ಜೋಳದ ದಿಂಡು ಹೊಡೆದು ಮುಚ್ಚಿದ್ದಳು. ಮೊನ್ನೆ ತಾನೇ ಬಾನಿ ತುಂಬ ದನದ ಉಪ್ಪು ಹಾಕಿ ಬಂದಿದ್ದಾಳೆ. ಈಗ ಅಲ್ಲಿ ಮಳೆನೀರು ನಿಂತಿರುತ್ತದೆ, ಹಾಕಿದ್ದೆಲ್ಲ ಅದರಲ್ಲಿ ಕರಗಿರುತ್ತದೆ, ಮೇಲೆ ಕನ್ನಡಿಯಂಥ ತಿಳಿನೀರು, ಅದರ ಮೇಲಕ್ಕೆ ಒಂದು ಕಪ್ಪು ಮೂತಿ ಬಾಗುತ್ತದೆ — ಬೇಡ, ಅದನ್ನು ನೆನೆಯಬೇಡ. ಅರವತ್ತೆರಡು ಕಡಸು ಆ ಕಾವಲಿನಲ್ಲಿ, ಅಷ್ಟೂ ಚೊಚ್ಚಲ ಬಸಿರು.

ಉಪ್ಪು ಎಂದು ಬಾಯಲ್ಲಿ ಹೇಳುವುದಷ್ಟೆ, ಅದರಲ್ಲಿ ಉಪ್ಪು ಕಾಲು ಭಾಗವೂ ಇಲ್ಲ, ಹತ್ತಿಬೀಜದ ಹಿಂಡಿ, ಸೋಯಾ ಹಿಂಡಿ, ಜೋಳದ ನುಚ್ಚು, ಜೊತೆಗೆ ಸಕ್ಕರೆಯಂತೆ ಬೆಳ್ಳಗೆ ಕಾಣುವ ಯೂರಿಯಾ. ಓಸ್ಮಾರಿನೊ ಮೊದಲ ಸಲ ಕಲಿಸಿಕೊಟ್ಟಾಗ ಹೇಳಿದ್ದ, ಈ ಒಣಹುಲ್ಲಲ್ಲಿ ಏನಿದೆ ಹೇಳು, ಬರೀ ಕಡ್ಡಿ, ಹೊಟ್ಟೆ ತುಂಬ ತಿಂದ್ರೂ ದನ ಸೊರಗ್ತದೆ, ಅದ್ರ ಹೊಟ್ಟೇಲಿ ಕಣ್ಣಿಗೆ ಕಾಣದ ಹುಳ ಅವೆ, ನಾವು ಸಾಕೋದು ದನಾನಲ್ಲ, ಆ ಹುಳಾನ, ಅವಕ್ಕೆ ಸತ್ವ ಸಿಕ್ರೆ ಕಡ್ಡೀನೂ ಅರಗಿಸಿ ಮಾಂಸ ಮಾಡ್ತವೆ, ಆದ್ರೆ ಒಂದು ತಿಳ್ಕೊ, ಒಣಗಿರೋವಾಗ ನೆಕ್ಕಿದ್ರೆ ಮೇವು, ನೀರಲ್ಲಿ ಕರಗಿದ್ದನ್ನ ಕುಡಿದ್ರೆ ವಿಷ. ತಿಳಿದಿತ್ತು. ಚೆನ್ನಾಗಿಯೇ ತಿಳಿದಿತ್ತು. ಕುದುರೆಯಿಂದ ಬಿದ್ದು ಅವನ ಸೊಂಟ ಮುರಿದ ಮೇಲೆ ಉಪ್ಪಿನ ಗಾಡಿ ತನಗೇ ಕೊಡಿ ಎಂದು ಅವಳು ಧಣಿಯ ಎದುರು ನಿಂತಾಗ ಮೇಸ್ತ್ರಿ ಕ್ಲೆಯೊಮಾರ್ ಪಕ್ಕದಲ್ಲೇ ಹಲ್ಲುಕಡ್ಡಿ ಆಡಿಸುತ್ತ ನಿಂತಿದ್ದ, ಹೆಂಗಸ್ರಿಗೆ ಅಡುಗೆ ಉಪ್ಪಿನ ಲೆಕ್ಕ ಗೊತ್ತು ಧಣಿ, ದನದ ಉಪ್ಪಿಂದು ಗೊತ್ತಾಗಲ್ಲ. ನಿನ್ ಹೆಂಡ್ತಿ ಅಡುಗೇಲಿ ಅದೂ ಗೊತ್ತಾಗಲ್ವಲ್ಲಪ್ಪ ಎಂದು ಇವಳು ತಿರುಗಿಸಿ ಕೊಟ್ಟಿದ್ದಳು, ಧಣಿ ನಕ್ಕು ಕೆಲಸ ಕೊಟ್ಟರು, ಮೇಸ್ತ್ರಿ ನಗಲಿಲ್ಲ. ಆಮೇಲೆ ವಾರಕ್ಕೊಂದು ಸಲ ಮೋಟಾರ್ ಸೈಕಲ್ಲಿನಲ್ಲಿ ಬಂದು ಬಾನಿಯ ಕೆಳಗೆ ಬಗ್ಗಿ ನೋಡುತ್ತಿದ್ದ, ತೂತಿನಿಂದ ಸುರಿದ ಪುಡಿಯನ್ನು ಬೂಟಿನಿಂದ ಕೆದಕುತ್ತಿದ್ದ, ಏನಮ್ಮ, ಇರುವೆ ಸಾಕ್ತಿದ್ದೀಯಾ, ಇರುವೆ ಎಷ್ಟು ಕಿಲೋ ತೂಗ್ತವೆ, ಕಟುಕರಿಗೆ ಮಾರಣ್ವಾ. ಮೂರು ವಾರ ಅದೇ ಮಾತು. ನಾಲ್ಕನೆಯ ವಾರ ಅವಳು ಕೋಳಿಗೂಡಿನ ಪಕ್ಕದಿಂದ ನಾಲ್ಕು ದಿಂಡು ಆರಿಸಿದಳು, ಕತ್ತಿಯಲ್ಲಿ ಹೆರೆದು ಚೂಪು ಮಾಡಿದಳು, ತೂತಿಗಿಟ್ಟು ಕಲ್ಲಿನಿಂದ ಹೊಡೆದಳು, ಮಳೆ ಬರೋದು ಅಕ್ಟೋಬರ್‌ಗೆ, ಸೆಪ್ಟೆಂಬರಲ್ಲಿ ತೆಗೆದರಾಯಿತು. ಮುಂದಿನ ವಾರ ಬಂದ ಮೇಸ್ತ್ರಿ ಬಗ್ಗಿ ನೋಡಿ ಮಾತಾಡದೆ ಹೋದ, ಅವಳಿಗೆ ಅವತ್ತಿಡೀ ಖುಷಿಯೋ ಖುಷಿ. ಎಂಥ ಖುಷಿ ಅದು, ಸುಟ್ಟ ಖುಷಿ.

ಹಾಗೆ ಸತ್ತದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ, ಮದುವೆಯಾದ ಹೊಸದರಲ್ಲಿ, ನದಿಯಾಚೆ ಬೇರೊಬ್ಬ ಧಣಿಯ ಕಾವಲಿನಲ್ಲಿ, ಹತ್ತೊಂಬತ್ತು ಹೋರಿಗಳು ಬಾನಿಯ ಸುತ್ತ ಬಿದ್ದಿದ್ದವು, ಕೆಲವು ಮಂಡಿಯೂರಿಕೊಂಡೇ, ಹೊಟ್ಟೆ ನಗಾರಿಯಂತೆ ಉಬ್ಬಿ, ಒಂದು ಮಾತ್ರ ಇನ್ನೂ ಬದುಕಿತ್ತು, ಅದರ ಚರ್ಮ ಮೈಮೇಲೆ ತಾನೇ ತಾನಾಗಿ ಅದುರುತ್ತಿತ್ತು, ನೊಣ ಓಡಿಸುವಾಗ ಅದುರುವಂತೆ, ಆದರೆ ನಿಲ್ಲದೆ. ಕುಡಿದು ಅರ್ಧ ಗಂಟೆ, ಅಷ್ಟೇ ಸಮಯ. ಹುಳಿಕಾಡಿ ಕುಡಿಸಿದರೆ ಉಳಿಯುತ್ತವೆ, ವಿನಿಗರ್, ಒಂದೊಂದಕ್ಕೆ ನಾಲ್ಕೈದು ಬಾಟಲಿ ಗಂಟಲಿಗೆ ಸುರಿಯಬೇಕು. ಗಾಡಿಯಲ್ಲಿ ಎರಡು ಬಾಟಲಿ ಉರುಳಾಡುತ್ತಿವೆ, ಅಡುಗೆಮನೆಯವು, ಒಂದು ಅರ್ಧ ಖಾಲಿ. ಔಷಧದ ಕೋಣೆಯಲ್ಲಿ ಪೆಟ್ಟಿಗೆಗಟ್ಟಲೆ ಇದೆ, ಬೀಗದ ಕೈ ಮೇಸ್ತ್ರಿಯ ಸೊಂಟದಲ್ಲಿ, ಕೇಳಿದರೆ ಕೊಡುತ್ತಿದ್ದ, ಯಾಕೆ ಎಂದೂ ಕೇಳುತ್ತಿದ್ದ. ಅವನ ಮನೆಯ ಮುಂದೆಯೇ ಗಾಡಿ ಹಾದು ಬಂತು, ಒಳಗೆ ದೀಪ ಉರಿಯುತ್ತಿತ್ತು, ಕಾಫಿಯ ವಾಸನೆ ಬಂತು, ಅವಳು ನಿಲ್ಲಿಸಲಿಲ್ಲ. ಕೂಗಿದ್ದರೆ ಐದು ಜನ ಕುದುರೆಯೇರಿ ಇಷ್ಟು ಹೊತ್ತಿಗೆ ಅಲ್ಲಿರುತ್ತಿದ್ದರು. ಮೊದಲು ದಿಂಡು ಕಿತ್ತು ಪೊದೆಗೆ ಎಸೆದುಬಿಡಬೇಕು, ಆಮೇಲೆ ಕೂಗಿದರಾಯಿತು ಎಂದು ತಲೆ ತಾನೇ ಲೆಕ್ಕ ಹಾಕಿಬಿಟ್ಟಿತ್ತು, ಥೂ, ಎಂಥ ತಲೆ ನಿಂದು ಲಿಂದಾಲ್ವಾ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂತಾರೆ, ಇಲ್ಲಿ ತಿಂದವಳು ನಾನು, ಕುಡಿಯೋವು ಅವು. ಪಿತಂಗಾ. ಅದೂ ಅಲ್ಲೇ ಇದೆ, ಆ ಅರವತ್ತೆರಡರಲ್ಲಿ ಒಂದು, ತಾಯಿ ಹಾವು ಕಚ್ಚಿ ಸತ್ತಾಗ ಮೂರು ದಿನದ ಕರು, ಅಂಗಳದಲ್ಲಿ ಕಟ್ಟಿ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು, ಬಾ ಮಗಾ ಅಂದರೆ ಬಟ್ಟೆ ಒಗೆಯುವ ಕಲ್ಲಿನ ತನಕ ಓಡಿ ಬರುತ್ತಿತ್ತು, ಲಂಗದ ಅಂಚು ಹೀರುತ್ತಿತ್ತು. ಮೇಸ್ತ್ರಿಗೆ ಅದೂ ತಮಾಷೆ, ಇವುಗಳ ಮುತ್ತಜ್ಜಂದಿರು ಇಂಡಿಯಾದಿಂದ ಹಡಗು ಹತ್ತಿ ಬಂದವು, ಅಲ್ಲಿ ಜನ ಕೈ ಮುಗೀತಾರಂತೆ, ನೀನೂ ಮುಗಿಯಮ್ಮ, ಯಾರು ಬೇಡ ಅಂದ್ರು. ತಿಳಿನೀರು, ಕಪ್ಪು ಮೂತಿ — ಅಮ್ಮಾ ಅಪರೆಸಿದಾ, ದೇವಮಾತೆ, ತಾಯಿ, ಮಂಡಿಯಲ್ಲಿ ನಡೆದು ನಿನ್ನ ಗುಡಿಗೆ ಬರ್ತೀನಿ, ಇನ್ನೊಂದು ಕಾಲು ಗಂಟೆ ಅವಕ್ಕೆ ಬಾಯಾರಿಕೆ ಆಗದ ಹಾಗೆ ನೋಡ್ಕೊ.

ಗೇಟು ತೆಗೆದಳು, ದೂರದಲ್ಲಿ ಬೆಳ್ಳಗೆ ಕಂಡವು, ಬಿದ್ದಿಲ್ಲ, ನಿಂತಿವೆ, ಕಾವಲಿನ ಆ ತುದಿಯ ಮರಗಳ ಕೆಳಗೆ ಒಂದಕ್ಕೊಂದು ಒತ್ತಿಕೊಂಡು, ಮಳೆಗೆ ಹೆದರಿ ಬೆಳಗಿನಿಂದ ಅಲ್ಲಾಡಿಯೇ ಇಲ್ಲ, ಬಾನಿಗಳ ಬಳಿ ಒಂದೂ ಇಲ್ಲ. ಅವಳಿಗೆ ಅಳು ಬಂತು, ಉಳಿದವು, ಉಳಿದವು, ಹಗ್ಗ ಸಡಿಲ ಬಿಟ್ಟಳು, ಫುಮಾಸ ತಾನೇ ಓಡಿತು, ಗಾಡಿಯ ಬಲಗಾಲಿ ಕಿರ್ರೋ ಎಂದು ಕೂಗಿತು, ಎಣ್ಣೆ ಕಾಣದ ಗಾಲಿ, ವಾರಕ್ಕೆರಡು ಸಲ ಕೂಗುವ ಗಾಲಿ — ಮರದ ಕೆಳಗೆ ಒಂದು ತಲೆ ಮೇಲಕ್ಕೆದ್ದಿತು. ಇನ್ನೊಂದು. ಆಗ ಹೊಳೆಯಿತು. ಈ ಸದ್ದೆಂದರೆ ಉಪ್ಪು ಬಂತು ಎಂದು ಅರ್ಥ, ಈ ಸದ್ದು ಕೇಳಿದರೆ ಎಲ್ಲಿದ್ದರೂ ಬರುತ್ತವೆ, ಅವಳೇ ರೂಢಿ ಮಾಡಿಸಿದ್ದು, ಅವು ಹಾಗೆ ಬರುವುದನ್ನು ನೋಡಲು ಆಸೆಪಟ್ಟು ಗಾಲಿಗೆ ಎಣ್ಣೆ ಹಾಕದೆ ಬಿಟ್ಟದ್ದು. ನಡೆದು ಬರಬೇಕಿತ್ತು. ಬರದೇ ಇದ್ದಿದ್ದರೂ ಆಗುತ್ತಿತ್ತಲ್ಲ, ಅವು ಮಧ್ಯಾಹ್ನದವರೆಗೆ ಅಲ್ಲೇ ಇರುತ್ತಿದ್ದವು. ಗಾಡಿ ಅಲ್ಲೇ ಬಿಟ್ಟು ಓಡಿದಳು, ಎದುರಿನಿಂದ ನೆಲ ಗುಡುಗುಡು ಅನ್ನುತ್ತಿತ್ತು, ಅರವತ್ತೆರಡರ ಗೊರಸು. ಬಾನಿಯಲ್ಲಿ ನಾಲ್ಕು ಬೆರಳು ನೀರು, ತಳದಲ್ಲಿ ಹಿಂಡಿಯ ಕೆಸರು, ಮೇಲೆ ತಿಳಿ, ಮೋಡ ಕಾಣುವಷ್ಟು ತಿಳಿ. ಕೆಳಗೆ ನುಸುಳಿ ಮೊದಲ ದಿಂಡು ಹಿಡಿದು ತಿರುವಿದಳು, ಊದಿಕೊಂಡಿತ್ತು, ಉಗುರು ಹಿಂದಕ್ಕೆ ಮಡಚಿತು, ಬಂತು, ಬೆರಳು ಗಾತ್ರದ ಧಾರೆ ಮುಖಕ್ಕೆ ಬಿತ್ತು, ಬಾಯಿ ಮುಚ್ಚಿಕೊಂಡಳು. ಎರಡನೆಯದು, ಬಂತು. ಮೂರನೆಯದು ಕತ್ತಿಯಿಂದ ಮೀಟಿದ ಮೇಲೆ ಬಂತು. ನಾಲ್ಕನೆಯದು ಒಳಗೇ ಮುರಿಯಿತು. ಕತ್ತಿಯ ತುದಿಯಿಂದ ಕೆದಕಿದಳು, ಪುಡಿಪುಡಿ ಉದುರಿತು, ಹನಿ ಹನಿ ತೊಟ್ಟಿಕ್ಕಿತು, ಬಾನಿಗಳ ಆಚೆ ಕಾಲುಗಳು ಕಂಡವು, ಎಷ್ಟೊಂದು ಬಿಳಿ ಕಾಲುಗಳು.

ಎದ್ದು ನಿಂತು ಕಿರುಚಿದಳು, ಹೋ, ಹೋ, ಹೋ, ಟೋಪಿ ಬೀಸಿದಳು, ಕಡಸುಗಳು ಗಕ್ಕನೆ ನಿಂತವು, ಹಿಂದಕ್ಕೆ ಸರಿದವು, ಕಿರುಚಾಟ ಎಂದರೆ ಅವಕ್ಕೆ ದೊಡ್ಡಿ, ಚಾಟಿ, ಸೂಜಿ, ಆದ್ದರಿಂದ ಕಿರುಚುತ್ತಲೇ ಇರಬೇಕು, ಮೂರು ಬಾನಿ ಖಾಲಿಯಾಗಲು ಇನ್ನೈದು ನಿಮಿಷ, ನಾಲ್ಕನೆಯದು ದೇವರಿಗೇ ಗೊತ್ತು. ಹಿಂಡಿನ ನಡುವೆ ಒಂದು ಮಾತ್ರ ಹಿಂದೆ ಸರಿಯಲಿಲ್ಲ. ಕಿವಿ ನಿಮಿರಿಸಿ ಅವಳ ಧ್ವನಿಯನ್ನು ಕೇಳಿತು, ಎರಡು ವರ್ಷವಾದರೂ ಮರೆತಿಲ್ಲ, ಆ ಗಂಟಲಿನಿಂದ ಏನೇ ಬಂದರೂ ಅದಕ್ಕೆ ಹಾಲು, ದುಡುದುಡು ಓಡಿ ಬಂತು, ಪಿತಂಗಾ, ಬಸಿರು ಹೊಟ್ಟೆ ತೂಗಾಡಿಸುತ್ತ. ಹೋಗು ಎಂದು ಕಿರುಚಿದಳು, ಅದು ಇನ್ನಷ್ಟು ಬೇಗ ಬಂತು. ಕಿರುಚುವುದು ನಿಲ್ಲಿಸಿದಳು, ಮಿಕ್ಕವೆಲ್ಲ ಒಂದು ಹೆಜ್ಜೆ ಮುಂದಿಟ್ಟವು. ಹೋ, ಹೋ, ಅವು ನಿಂತವು, ಇದು ಬಂದು ಪಕ್ಕೆಗೆ ತಲೆ ತಿಕ್ಕಿತು, ಎರಡೂ ಕೈಯಿಂದ ಅದರ ಕತ್ತು ತಳ್ಳಿದಳು, ಮುನ್ನೂರು ಕಿಲೋ ಪ್ರಾಣಿ, ಆಟ ಎಂದುಕೊಂಡು ಅದೂ ತಳ್ಳಿತು, ಟೋಪಿಯಿಂದ ಮುಖಕ್ಕೆ ಹೊಡೆದಳು, ಜನ್ಮದಲ್ಲಿ ಅದಕ್ಕೆ ಹೊಡೆದವಳಲ್ಲ, ಕಣ್ಣು ಪಿಳುಕಿಸಿ ಟೋಪಿ ನೆಕ್ಕಿತು, ಹೋಗೇ ಮಗಾ, ದಮ್ಮಯ್ಯ ಅಂತೀನಿ, ಹೋಗು, ಉಸಿರು ಸಾಲದೆ ಧ್ವನಿ ಕಟ್ಟಿತು, ಎಡಕ್ಕೆ ಹತ್ತಿಪ್ಪತ್ತು ಕಡಸು ಮೊದಲ ಬಾನಿಯತ್ತ ನುಗ್ಗಿದವು. ಕೈಯೆರಡೇ, ಬಾಯೊಂದೇ. ಅವಳು ಪಿತಂಗಾಳ ಕತ್ತು ಬಿಟ್ಟಳು, ಬಿಟ್ಟೆ ಎಂದು ತಿಳಿದೇ ಬಿಟ್ಟಳು, ಬೆನ್ನು ತಿರುಗಿಸಿ ಹಿಂಡಿನ ಕಡೆ ಓಡಿದಳು, ಹೋ, ಹೋ, ಅರವತ್ತೊಂದು, ಅರವತ್ತೊಂದು ಉಳಿದರೆ ಸಾಕು, ಕಿರುಚುತ್ತಲೇ ಇದ್ದಳು, ಅವು ಹಿಂದೆ ಸರಿಯುತ್ತಿದ್ದವು, ಸರಿಯುತ್ತಿದ್ದವು, ಮೇಸ್ತ್ರಿಗೆ ಕೇಳಿಸಲಿ, ಊರಿಗೇ ಕೇಳಿಸಲಿ, ದಿಂಡು ಹೊಡೆದವಳು ನಾನೇ, ನಾನೇ — ಬೆನ್ನ ಹಿಂದೆ ನಾಲ್ಕನೆಯ ಬಾನಿಯಲ್ಲಿ ಹೀರುವ ಸದ್ದು, ಬಾಟಲಿ ಹಿಡಿದಾಗ ಕೇಳುತ್ತಿದ್ದ ಅದೇ ದೊಡ್ಡ ದೊಡ್ಡ ಗುಟುಕು, ತಿರುಗಿ ನೋಡಲಿಲ್ಲ, ನೋಡಬೇಕಾಗಿಯೂ ಇಲ್ಲ, ತಿಳಿನೀರು, ಕಪ್ಪು ಮೂತಿ, ತಿಳಿನೀರಿನಲ್ಲಿ ಕಪ್ಪು ಮೂತಿ