ಅಣ್ಣ ತಂದ ನೀರು

"ಮುಂಡೇರಾ, ಕಣ್ಣೆಲ್ಲ ಬೆಟ್ಟದ ಮೇಲಿಟ್ಕೊಂಡ್ರೆ ಶೀಟು ನಿಮ್ಮಪ್ಪ ನೋಡ್ಕೋತಾನಾ? ಇದೇನು, ಬೂದಿ ಅಲ್ವಾ? ಎಲ್ಲಾ ಮತ್ತೆ ಒಗೀರಿ."

ಮೇಸ್ತ್ರಿ ಒಣಗಿದ ಬೆಡ್‌ಶೀಟನ್ನು ಹಗ್ಗದಿಂದ ಎಳೆದು ನನ್ನ ಮುಖಕ್ಕೆ ಎಸೆದ. ಹೋಟೆಲಿನ ಬಟ್ಟೆ ಒಗೆಯುವ ನಮ್ಮ ನಾಲ್ವರಿಗೂ ಅವನ ಬಾಯಿ ಅಭ್ಯಾಸ. ಬೆಟ್ಟ ಬೆಳಗಿನಿಂದ ಉರಿಯುತ್ತಿತ್ತು. ಬೂದಿ ಈ ಕಡೆ ತರಬೇಡ ಎಂದು ನಾವೇ ಗಾಳಿಗೆ ಹೇಳಬೇಕಿತ್ತೇನೋ.

ಬೆಟ್ಟದ ಬುಡದಲ್ಲೇ ನಮ್ಮ ಕೇರಿ. ಮನೆಯಲ್ಲಿ ಅವ್ವ ಒಬ್ಬಳೇ. ಸೊಂಟ ಮುರಿದು ಮೂರು ತಿಂಗಳಿಂದ ಮಂಚ ಬಿಟ್ಟು ಎದ್ದಿಲ್ಲ. ಹೊಗೆ ಕಂಡ ಕೂಡಲೇ ನಾನು ಓಡಲು ಹೊರಟಿದ್ದೆ. ತಡೆದವನು ಅಣ್ಣ. ಹೋಟೆಲಿನ ನೀರಿನ ಟ್ಯಾಂಕರ್ ಓಡಿಸುವವನು ಅವನೇ.

"ನೀನ್ ಹೋಗಿ ಏನ್ ಮಾಡ್ತೀಯಾ, ಬಾಯಲ್ಲಿ ಊದಿ ಆರಿಸ್ತೀಯಾ? ಟ್ಯಾಂಕರ್ ತಗೊಂಡು ನಾನೇ ಹೋಗ್ತೀನಿ. ಅವ್ವನ್ನೂ ಅದ್ರಲ್ಲೇ ಕರ್ಕೊಂಡ್ ಬರ್ತೀನಿ. ನೀನು ಕೆಲಸ ಕಳ್ಕೋಬೇಡ."

"ಅವ್ವನ ಮೇಲಾಣೆ?"

"ಅವ್ವನ ಮೇಲಾಣೆ."

ಅದನ್ನು ನಂಬಿ ಮಧ್ಯಾಹ್ನದವರೆಗೆ ಶೀಟು ಹಿಂಡಿದೆ. ಈಗ ಮೇಸ್ತ್ರಿ ಎಸೆದದ್ದನ್ನು ಜಾಲಾಡಿಸಿ ಹರವಲು ಅಂಗಳದ ತುದಿಗೆ ಹೋದಾಗ, ಗಿಡದ ಬೇಲಿಯಾಚೆ ಟ್ಯಾಂಕರ್ ಕಂಡಿತು. ಹುಲ್ಲುಹಾಸಿನ ನಡುವೆ ನಿಂತು ಅಣ್ಣ ಪೈಪು ಹಿಡಿದಿದ್ದ. ಕಿಡಿ ಹಾರಿ ಬಂದು ಹುಲ್ಲು ಸುಡದಿರಲಿ ಎಂದು ಯಜಮಾನನ ಅಪ್ಪಣೆಯಂತೆ. ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತ ಅತಿಥಿಗಳು ಬೆಟ್ಟದ ಫೋಟೊ ತೆಗೆಯುತ್ತಿದ್ದರು.

"ಅವ್ವ ಎಲ್ಲಿ?"

ಅಣ್ಣ ಪೈಪಿನ ಕಡೆಗೇ ನೋಡುತ್ತ ಹೇಳಿದ. "ಇದೊಂದು ಟ್ಯಾಂಕ್ ಮುಗೀಲಿ ಅಂದ್ರು. ಆಮೇಲೆ ಇನ್ನೊಂದು ಅಂದ್ರು. ನಾನೇನ್ ಮಾಡ್ಲಿ?"

"ಥೂ, ನಿನ್ನ ಜನ್ಮಕ್ಕೆ. ಹೆತ್ತೋಳು ಹುಲ್ಲಿಗಿಂತ ಕಡೆ ಆದ್ಲೇನೋ?"

ಕಾಡಿಗೆ ಬೆಂಕಿ ಹಚ್ಚಿದವರು ಯಾರೋ ನನಗೆ ಗೊತ್ತಿಲ್ಲ. ನಮ್ಮ ಮನೆ ಸುಡಲು ಬಿಟ್ಟವನು ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು.

ಓಡಿ ಬಂದು ಉಳಿದ ಮೂವರಿಗೆ ಹೇಳಿದೆ. ತೊಟ್ಟಿಯಲ್ಲಿ ನೆನೆಯುತ್ತಿದ್ದ ಶೀಟುಗಳನ್ನು ನಾಲ್ವರೂ ಹೆಗಲಿಗೆ ಹಾಕಿಕೊಂಡೆವು. ಮೇಸ್ತ್ರಿ ಅಡ್ಡ ಬಂದ. ನಮ್ಮಲ್ಲಿ ಹಿರಿಯಳಾದ ಕುಳ್ಳಕ್ಕ "ಸರಿಯೋ ಭಾಡ್ಕೋ" ಎಂದು ಒದ್ದೆ ಶೀಟಿನಿಂದಲೇ ಅವನ ಮೂತಿಗೆ ಬಾರಿಸಿದಳು. ನಾವು ದಿನಾ ಎತ್ತುವ ತೂಕ ಎಷ್ಟೆಂದು ಅವನಿಗೆ ಅಂದು ತಿಳಿಯಿತು.

ಕೇರಿಯ ಜನ ಮಕ್ಕಳು ಮರಿ ಕಟ್ಟಿಕೊಂಡು ಆಗಲೇ ರಸ್ತೆಗೆ ಇಳಿದಿದ್ದರು. ನಮ್ಮ ಸೂರು ಹತ್ತಿಕೊಂಡಿತ್ತು. ಕಲ್ಲಿಗೆ ಬಟ್ಟೆ ಬಡಿದ ಹಾಗೆ ಬೆಂಕಿಯನ್ನು ಬಡಿದು ಬಡಿದು ಒಳಗೆ ಹೋದೆವು. ಅವ್ವ ಮಂಚದಿಂದ ಉರುಳಿ ಹೊಸ್ತಿಲವರೆಗೆ ತೆವಳಿದ್ದಳು. ಹೊಗೆಗೆ ಅವಳಿಗೆ ಕಣ್ಣು ತೆರೆಯಲಾಗುತ್ತಿರಲಿಲ್ಲ.

"ಟ್ಯಾಂಕರ್ ಬಂತಾ?" ಎಂದಳು.

ಅವಳನ್ನು ಒದ್ದೆ ಶೀಟಿನ ಮೇಲೆ ಹೊರಳಿಸಿ, ದಿನಾ ಶೀಟು ಮಡಿಸುವಾಗ ನಿಲ್ಲುವ ಹಾಗೆ ಮೂಲೆಗೊಬ್ಬಳು ನಿಂತು ಎತ್ತಿದೆವು.

"ಎಲ್ಲಿಗೇ?" ರಸ್ತೆಯಲ್ಲಿ ಕುಳ್ಳಕ್ಕ ಕೇಳಿದಳು.

"ನೀರಿರೋ ಕಡೆಗೆ."

ಗೇಟಿನ ಕಾವಲುಗಾರ ಬಾಯಿ ತೆರೆಯುವಷ್ಟರಲ್ಲಿ ನಾವು ಒಳಗಿದ್ದೆವು. ಹಿಂದೆ ಗಂಟುಮೂಟೆ ಹೊತ್ತ ಇಡೀ ಕೇರಿ. ಅತಿಥಿಗಳು ಫೋನುಗಳನ್ನು ಬೆಟ್ಟದಿಂದ ನಮ್ಮ ಕಡೆ ತಿರುಗಿಸಿದರು. ಯಜಮಾನ ಮೆಟ್ಟಿಲು ಇಳಿದು ಬಂದ.

"ಏಯ್, ಹುಲ್ಲಿನ ಮೇಲೆ ಕಾಲಿಡಬೇಡಿ. ಯಾರೇ ನಿಮ್ಮನ್ನ ಒಳಗೆ ಬಿಟ್ಟಿದ್ದು?"

ನಾವು ಹುಲ್ಲುಹಾಸಿನ ನಟ್ಟನಡುವೆ ಅವ್ವನನ್ನು ಮಲಗಿಸಿದೆವು. ಕೇರಿಯವರು ಸುತ್ತ ಗಂಟು ಇಳಿಸಿ ಕೂತರು. ಅಣ್ಣ ಇನ್ನೂ ಪೈಪು ಹಿಡಿದೇ ನಿಂತಿದ್ದ. ಅವ್ವನ ಸುಟ್ಟ ಕೈ ಹುಲ್ಲನ್ನು ತಡವಿತು, ಒದ್ದೆಯಾಯಿತು.

"ನನ್ ಮಗ ನೀರು ತಂದ್ನೇನೇ?"

ನಾನು ಅಣ್ಣನ ಮುಖವನ್ನೇ ನೋಡಿದೆ.

"ತಂದಿದಾನೆ ಕಣವ್ವಾ. ಇಲ್ಲಿಗೆ."